ಶಂಭುವಿನ ಎಡೆಗೆ ಇಟಲಿ ಊಟ

ಆಗಸ್ಟ್ 4, ಸೋಮವಾರ

ಈ ಪುಸ್ತಕದ ಮೊದಲ ಅರವತ್ತು ಪುಟಗಳಲ್ಲಿ ಇರುವುದು ನಮ್ಮವರು ಕುಡಿದ ನೀರು, ಹೊರಗೆ ಹೋದ ನೀರು. ಕಿಡ್ನಿ ಡಾಕ್ಟರು ದಿನವೂ ಬರೆದಿಡಲು ಹೇಳಿದ್ದರು. ಜೂನ್ ಹನ್ನೆರಡಕ್ಕೆ ನಿಂತಿದೆ. ಉಳಿದ ಪುಟಗಳಿಗೂ ಮೊದಲೇ ಗೆರೆ ಎಳೆದಿಟ್ಟಿದ್ದೆ. ಬಿಸಾಡಲು ಮನಸ್ಸು ಬರಲಿಲ್ಲ. ಮಗಳು ರಮ್ಯ ನಂಜನಗೂಡಿನಿಂದ ಫೋನ್ ಮಾಡಿದಾಗಲೆಲ್ಲ, “ಏನಾದ್ರೂ ಮಾಡ್ತಿರಮ್ಮ, ಸುಮ್ನೆ ಕೂರ್‍ಬೇಡ” ಅನ್ನುತ್ತಾಳೆ. ಅದಕ್ಕೇ ಬರೆಯುತ್ತಿದ್ದೇನೆ.

ಮನೆಯಲ್ಲಿ ಈಗ ನಾನು, ಅತ್ತೆ, ಇಬ್ಬರೇ. ಇಬ್ಬರಿಗೆ ಎರಡು ಒಲೆ. ಹನ್ನೊಂದನೇ ದಿನದ ಕಾರ್ಯ ಮುಗಿದ ಮಾರನೇ ದಿನವೇ ಅತ್ತೆ ಹಿತ್ತಲ ಕೋಣೆಯಲ್ಲಿ ಬೇರೆ ಸ್ಟೌ ಇಟ್ಟುಕೊಂಡರು. “ಎಂಟ್ ತಿಂಗ್ಳು ನನ್ ಮಗನ್ಗ ಉಪ್ಪಿಲ್ದೆ ಇಕ್ಕಿ ಕಳಿಸ್ಬುಟ್ಟೆ. ನಿನ್ ಕೈ ಊಟ ನಂಗ ಬ್ಯಾಡ ಕಣಮ್ಮಿ” ಎಂದರು, ಬಂದ ನೆಂಟರೆಲ್ಲರ ಮುಂದೆ. ಉಪ್ಪು ಕೊಡಬಾರದು ಎಂದು ಡಾಕ್ಟರು ಹೇಳಿದಾಗ ಅವರೂ ಪಕ್ಕದಲ್ಲೇ ಕೂತಿದ್ದರು. ನಾನು ನೆಂಟರಿಗೆ ಕಾಫಿ ಮಾಡಲು ಎದ್ದೆ. ಅತ್ತೆಗೆ ಎಂಬತ್ತೊಂದು ವರ್ಷ.

ಆಗಸ್ಟ್ 6, ಬುಧವಾರ

ಏನೂ ಇಲ್ಲ. ಅನ್ನ ಉಳಿಯಿತು.

ಆಗಸ್ಟ್ 10, ಭಾನುವಾರ

ಅತ್ತೆ ಇವತ್ತು ತಾವಾಗಿಯೇ ಮಾತಾಡಿದರು. ಪಡಸಾಲೆಯಲ್ಲಿ ಕೂತು ಮಹಾಲಯ ಅಮಾವಾಸ್ಯೆಗೆ ದಿನ ಎಣಿಸಿ ಬೆರಳು ಮಡಿಸುತ್ತಿದ್ದರು.

“ಮಾರ್ಲಮಿ ಅಮಾಸಗ ಇನ್ನ ಆರ್ ವಾರ ಅದ. ಹೊಸ ಎಡೆ. ನಮ್ ಶಂಭುಗ ಏನೇನ್ ಮಡಗದು?”

ಸತ್ತ ವರ್ಷ ಇಡುವ ಮೊದಲ ಎಡೆ ಅದು. ನಮ್ಮವರಿಗೆ ಇಷ್ಟವಾದದ್ದನ್ನು ಹೇಳಿದೆ. ಕಜ್ಜಾಯ, ಅವರೆಕಾಳು ಉಸಲಿ, ಒತ್ತು ಶಾವಿಗೆ, ಒಂದು ಕಟ್ಟು ಬೀಡಿ.

“ಅವೆಲ್ಲ ತಿಂದೇ ಓದ. ತಿನ್ದೆ ಓಗಿದ್ದು ಯಾವ್ದು?”

ಇಬ್ಬರಿಗೂ ಗೊತ್ತಿತ್ತು. ಮಂಚ ಹಿಡಿದ ಮೇಲೆ ನಮ್ಮವರು ಹಗಲೆಲ್ಲ ಮೊಬೈಲಿನಲ್ಲಿ ಒಬ್ಬ ಬಿಳಿ ಕೂದಲಿನ ಹೆಂಗಸನ್ನು ನೋಡುತ್ತಿದ್ದರು. ಆಕೆ ಇಟಲಿಯ ಒಂದು ದ್ವೀಪದಲ್ಲಿ ಒಳ್ಳೆಯ ಊಟದ ಹೋಟೆಲು ಹುಡುಕಿಕೊಂಡು ಊರೂರು ತಿರುಗುತ್ತಾಳೆ. ಆಕೆ ಏನು ಹೇಳುತ್ತಾಳೋ ಅವರಿಗೂ ಪೂರ್ತಿ ಅರ್ಥವಾಗುತ್ತಿರಲಿಲ್ಲ. ಆದರೂ ನಮಗೆ ವಿವರಿಸುತ್ತಿದ್ದರು. “ನೋಡು ಶಶಿ, ತಿಂಡಿ ಪಟ್ಟಿ ಉದ್ದ ಇದ್ರೆ ಎದ್ದು ಬಂದ್ಬುಡ್ತಾಳೆ. ಮೊದ್ಲು ಪಕ್ಕದೋರ ತಟ್ಟೆ ನೋಡ್ತಾಳೆ.” ಒಂದು ದಿನ ಅಲ್ಲಿಯ ಮುದುಕಿಯೊಬ್ಬಳು ಸೊಪ್ಪು, ಹಾಲು ಒಡೆಸಿದ ಗಿಣ್ಣು ತುಂಬಿ ಚೌಕದ ಕಡುಬು ಮಾಡಿ, ಟೊಮೆಟೊ ಗೊಜ್ಜು ಸುರಿದು ಕೊಟ್ಟಳು. ಅದಕ್ಕೆ ರವಿಯೋಲಿ ಅನ್ನುತ್ತಾರಂತೆ. ಎದ್ದು ಓಡಾಡುವಂತಾದರೆ ಮೊದಲು ಅದನ್ನೇ ತಿನ್ನುತ್ತೇನೆ ಎಂದಿದ್ದರು. ನಾನೇ ಮನೆಯಲ್ಲಿ ಉಪ್ಪಿಲ್ಲದೆ ಮಾಡಿಕೊಟ್ಟೆ. ಒಂದು ಕಚ್ಚಿ, “ಇದು ಇಟಲಿ ಅಲ್ಲ ಕಣೆ, ಆಸ್ಪತ್ರೆ” ಎಂದು ನಕ್ಕು ತಟ್ಟೆ ಸರಿಸಿದರು.

ಅತ್ತೆ ಹೇಳಿದರು, ಅದಿಲ್ಲದಿದ್ದರೆ ಅವನು ಎಡೆ ಮುಟ್ಟುವುದಿಲ್ಲ, ಬಂದ ದಾರಿ ಹಿಡಿದು ಹೊರಟುಹೋಗುತ್ತಾನೆ ಎಂದು. ಎಡೆಗೆ ಇಡುವುದು ಮೀಸಲು. ಹಿರಿಯರಿಗಿಂತ ಮೊದಲು ಯಾರೂ ಬಾಯಿಗೆ ಇಡುವಂತಿಲ್ಲ, ಉಪ್ಪು ಖಾರ ನೋಡುವಂತೆಯೂ ಇಲ್ಲ. ಹಾಗಾಗಿ ರುಚಿ ನೋಡುವುದಿದ್ದರೆ ಮುಂಚೆಯೇ ಹೋಟೆಲಿನಲ್ಲಿ ನೋಡಿಟ್ಟುಕೊಳ್ಳಬೇಕು.

“ನೀನೇ ಮಾಡ್ತೀನಿ ಅನ್ಬ್ಯಾಡ. ಮಾಡಿದ್ದು ಕಂಡಿವ್ನಿ” ಎಂದರು.

ಆಗಸ್ಟ್ 14, ಗುರುವಾರ

ಹರದನಹಳ್ಳಿಯಿಂದ ಚಾಮರಾಜನಗರಕ್ಕೆ ಬಸ್ಸು. ಇಬ್ಬರಿಗೂ ಆಧಾರ್ ಕಾರ್ಡ್, ಇಬ್ಬರಿಗೂ ಜೀರೋ ಟಿಕೆಟ್. ಎರಡು ತಿಂಗಳಲ್ಲಿ ನಾನು ಊರು ದಾಟಿದ್ದು ಇದೇ ಮೊದಲು.

ಬಸ್ ಸ್ಟ್ಯಾಂಡ್ ಹತ್ತಿರದ ಬೇಕರಿಯಲ್ಲಿ ಪಿಜ್ಜಾ ಎಂದು ಬೋರ್ಡಿತ್ತು. ಅತ್ತೆ ಮೊದಲು ಮೊಟ್ಟೆ ಹಾಕಿದ್ದೀರಾ ಎಂದು ಕೇಳಿದರು. ಇಲ್ಲವಂತೆ. “ಇದು ಇಟಲೀದೇನಪ್ಪ?” ಎಂದರು.

“ಇಲ್ಲೇ ಮಾಡದು ಅಜ್ಜಿ. ಬೆಳಿಗ್ಗೆದು, ಫ್ರೆಶ್ಶು.”

“ಅಂಗಾರ ಇಟಲೀದಲ್ಲ.”

ಆದರೂ ತಂದುಕೊಟ್ಟ. ಬನ್ನಿನಂಥ ದಪ್ಪ ರೊಟ್ಟಿ, ಮೇಲೆ ಸಿಹಿ ಸಾಸು, ಕೋಸು, ಕ್ಯಾರೆಟ್ಟು. ಅತ್ತೆ ಬೆರಳಿನಿಂದ ಕೋಸು ಸರಿಸಿ ಒಳಗೆ ಇಣುಕಿ ನೋಡಿದರು. “ಯಾರೋ ಎಡವಿ ರೊಟ್ಟಿ ಮ್ಯಾಲೆ ಪಲ್ಯ ಚೆಲ್ಲವ್ರ” ಎಂದರು.

ನಾನು ಅರ್ಧ ತಿಂದೆ. ಉಳಿದರ್ಧ ಅತ್ತೆ ತಿಂದರು. ಚೆನ್ನಾಗಿಲ್ಲ ಎನ್ನುತ್ತಲೇ ತಿಂದರು.

ಆಗಸ್ಟ್ 20, ಬುಧವಾರ

ಮತ್ತೆ ಚಾಮರಾಜನಗರ. ರಮ್ಯ ಫೋನಿನಲ್ಲಿ ಹುಡುಕಿ ಒಂದು ಕೆಫೆ ಹೇಳಿದ್ದಳು. ಮಧ್ಯಾಹ್ನ ಹನ್ನೆರಡು ಗಂಟೆಗೂ ಒಳಗೆ ಕತ್ತಲು. ಅಲ್ಲಲ್ಲಿ ಕೆಂಪು ದೀಪ. ಅತ್ತೆ ಗೋಡೆ ಸವರಿಕೊಂಡು ಹೋಗಿ ಕೂತರು.

“ನನ್ ಮಗ ಕರೆಂಟ್ ಆಪೀಸಲ್ಲಿ ಲೈನ್‌ಮ್ಯಾನ್ ಆಗಿದ್ದ ಕಣಪ್ಪ. ಮೂವತ್ ವರ್ಷ ಕಂಬ ಅತ್ತಿ ಕರೆಂಟ್ ಕೊಟ್ಟವ್ನೆ. ಒಂದ್ ಬಲ್ಬ್ ಆಕು.”

ಸಪ್ಲೈಯರ್ ನಗುತ್ತ ಹೋಗಿ ಒಂದು ಟ್ಯೂಬ್‌ಲೈಟ್ ಹಾಕಿದ. ಆಚೆ ಮೂಲೆಯಲ್ಲಿ ಕೈ ಹಿಡಿದು ಕೂತಿದ್ದ ಹುಡುಗ ಹುಡುಗಿ ಕೈ ಬಿಟ್ಟರು. ಅತ್ತೆ ಅವರ ತಟ್ಟೆ ನೋಡಲು ಕತ್ತು ಉದ್ದ ಮಾಡಿದರು. ನಾನು ಸೆರಗು ಎಳೆದೆ. “ಆ ಇಟಲಿಯೋಳು ನೋಡ್ತಿದ್ಲು, ನಾ ನೋಡ್ಬಾರ್ದಾ?” ಎಂದರು.

ವೈಟ್ ಸಾಸ್ ಪಾಸ್ತಾ ಬಂತು. ಬಿಳಿ ಗೊಜ್ಜಿನಲ್ಲಿ ಕೊಳವೆಗಳು. ಅತ್ತೆ ಬಾಯಿಗಿಟ್ಟು ಬಹಳ ಹೊತ್ತು ಯೋಚಿಸಿದರು.

“ಪಾಯ್ಸಕ ಬೆಳ್ಳುಳ್ಳಿ ಆಕ್ಬುಟ್ಟವ್ರ.”

ನನಗೆ ನಗು ಬಂತು. ನೀರು ಕುಡಿಯುತ್ತಿದ್ದೆ, ಮೂಗಿಗೆ ಹತ್ತಿತು. ಅದೇ ಹೊತ್ತಿಗೆ ಗಾಜಿನ ಬಾಗಿಲು ತಳ್ಳಿಕೊಂಡು ದಾಯಾದಿ ಮನೆಯ ವಾರಗಿತ್ತಿ ಶಿವಮ್ಮ ಒಳಗೆ ಬಂದಳು, ಮೊಮ್ಮಗನ ಹುಟ್ಟುಹಬ್ಬಕ್ಕೆ ಕೇಕು ಹೇಳುವುದಕ್ಕೆ. ನಮ್ಮನ್ನು ನೋಡಿದಳು. ನಾನು ಬಾಯಿ ಒರೆಸಿಕೊಳ್ಳುತ್ತ ನಗುತ್ತಿದ್ದುದನ್ನೂ ನೋಡಿದಳು.

ಆಗಸ್ಟ್ 22, ಶುಕ್ರವಾರ

ಶಿವಮ್ಮ ಊರಿಗೆಲ್ಲ ಹೇಳಿದ್ದಾಳೆ. ಗಂಡ ಸತ್ತು ಮೂರು ತಿಂಗಳಾಗಿಲ್ಲ, ಅತ್ತೆ ಸೊಸೆ ಹೋಟೆಲು ಹೋಟೆಲು ತಿರುಗುತ್ತಾರೆ ಎಂದು. ಸಂಜೆ ಅವಳೇ ಬಂದು ಜಗುಲಿಯ ಮೇಲೆ ಕೂತು ಅತ್ತೆಯ ಆರೋಗ್ಯ ವಿಚಾರಿಸಿದಳು.

“ಬೇಜಾರಾಗಿದ್ರ ನಿನ್ನೂ ಕರ್ಕಂಡೋಯ್ತಿನಿ ಬಾ ಕಣಮ್ಮಿ. ಆಧಾರ್ ಕಾರ್ಡ್ ಮರೀಬ್ಯಾಡ” ಎಂದರು ಅತ್ತೆ.

ಅವಳು ಹೋದ ಮೇಲೆ ಅತ್ತೆ ಹಿತ್ತಲ ಕೋಣೆಗೆ ಹೋಗಿ ತಮ್ಮ ಒಲೆ ಹಚ್ಚಿದರು. ನಾನು ನನ್ನದು ಹಚ್ಚಿದೆ.

ಆಗಸ್ಟ್ 31, ಭಾನುವಾರ

ಬೇಗೂರು. ಊಟಿಗೆ ಹೋಗುವ ಕಾರುಗಳೆಲ್ಲ ನಿಲ್ಲುವ ದೊಡ್ಡ ಹೋಟೆಲು. ಹಸಿರು ಸೀರೆ ಉಟ್ಟಿದ್ದೆ, ಬೇರೆ ಯಾವುದೂ ಒಣಗಿರಲಿಲ್ಲ.

ಪಟ್ಟಿ ಹದಿನಾಲ್ಕು ಪುಟ. ಅದನ್ನು ಕಂಡಾಗಲೇ ಎದ್ದು ಬರಬೇಕಿತ್ತು, ಆದರೆ ಫ್ಯಾನು ಚೆನ್ನಾಗಿತ್ತು. ಹನ್ನೊಂದನೇ ಪುಟದಲ್ಲಿ ಇಟಾಲಿಯನ್ ಎಂದಿತ್ತು. ರವಿಯೋಲಿ ಕೇಳಿದೆ. ಇಲ್ಲ. ಪಟ್ಟಿಯಲ್ಲಿದ್ದ ಲಸಾನಿಯ ಕೇಳಿದೆ. ಇಲ್ಲ. ಇಟಾಲಿಯನ್‌ನಲ್ಲಿ ಏನಿದೆ ಎಂದೆ.

“ಗೋಬಿ ಮಂಚೂರಿ ಇದೆ ಮೇಡಂ.”

“ಪಟ್ಟಿ ಮಾಡ್ದೋನ ಕರಿ” ಎಂದರು ಅತ್ತೆ. “ಅವ್ನು ಇಟಲೀಗ ಓಗಿದ್ನಾ ಕೇಳನ.”

ಮ್ಯಾನೇಜರ್ ಬಂದ. ಪಾಪ, ಸ್ಪಗೆಟಿ ಎಂದು ಒಂದು ಮಾಡಿಸಿಕೊಟ್ಟ. ಮೆಣಸಿನಕಾಯಿ, ಸೋಯಾ ಸಾಸು, ಈರುಳ್ಳಿ ಸೊಪ್ಪು. ಚೀನಾದವರಿಗೆ ಮಾಡಿದ್ದನ್ನು ಇಟಲಿಯವರಿಗೆ ತಿರುಗಿಸಿದ್ದರು. ಉಪ್ಪು ಮಾತ್ರ ಸರಿಯಾಗಿತ್ತು. ಪರೀಕ್ಷೆ ಸರಿಯಾಗಿ ಆಗಲಿ ಎಂದು ನಾನು ಪೂರ್ತಿ ತಿಂದೆ.

ಬರುವಾಗ ಅತ್ತೆ ಸಪ್ಪಗಿದ್ದರು. “ಆ ದ್ವೀಪದಲ್ಲಿ ಸುತ್ತ ಸಮುದ್ರ ಇಟ್ಕಂಡು ಮುದುಕಿ ಮಾಡ್ತಾಳ. ನಮ್ಗ ಇಷ್ಟ್ ನೆಲ ಅದ, ಇಷ್ಟ್ ಟೊಮೆಟೊ ಅದ. ಒಬ್ರಿಗೂ ಬರಲ್ವಾ?” ಇನ್ನು ಮೂರು ವಾರ ಇದೆ ಎಂದೆ. “ಮೂರೇ” ಎಂದರು.

ಸೆಪ್ಟೆಂಬರ್ 9, ಮಂಗಳವಾರ

ಸಿಕ್ಕಿತು. ಗುಂಡ್ಲುಪೇಟೆಯಲ್ಲಿ, ಊಟಿ ರಸ್ತೆಯಲ್ಲಿ, ಪಂಕ್ಚರ್ ಅಂಗಡಿ ಪಕ್ಕ. ನಾಲ್ಕೇ ಮೇಜು. ಪಟ್ಟಿಯೇ ಇಲ್ಲ, ಗೋಡೆಗೆ ಸೀಮೆಸುಣ್ಣದಲ್ಲಿ ಅವತ್ತಿನ ಎರಡು ಅಡುಗೆ ಬರೆದಿತ್ತು.

ನಡೆಸುವವನು ಉಡಿಗಾಲದ ಮಹದೇವ. ಮೂವತ್ತೈದಿರಬಹುದು. ವಯನಾಡಿನ ರೆಸಾರ್ಟಿನಲ್ಲಿ ಹನ್ನೆರಡು ವರ್ಷ ಇಟಾಲಿಯನ್ ಅಡುಗೆ ಮಾಡಿದವನು. ಒಳಗೆ ಹೆಂಡತಿಯ ಹತ್ತಿರ ಕನ್ನಡ, ಹೊರಗೆ ಕೇರಳದ ಡ್ರೈವರುಗಳ ಹತ್ತಿರ ಮಲಯಾಳ, ಒಲೆಯ ಹತ್ತಿರ ತನಗೆ ತಾನೇ ಏನೋ ಒಂದು. ಮೊಟ್ಟೆ ಹಾಕುತ್ತೀಯಾ ಎಂದು ಅತ್ತೆ ಕೇಳಿದರು.

“ಇಲ್ಲ ಅಜ್ಜಿ. ಅಲ್ಲಿ ದಕ್ಷಿಣದ ಕಡೆಯೋರು ಸಣ್ಣ ರವೆ, ನೀರು ಅಷ್ಟೇ ಕಲಸೋದು. ನಾನೂ ಅಂಗೇ. ಗಿಣ್ಣೂ ನಾನೇ ನಿಂಬೆಹುಳಿ ಹಿಂಡಿ ಒಡ್ಸದು.”

ಟೊಮೆಟೊ ಗೊಜ್ಜು ಹಾಕಿದ ಪಾಸ್ತಾ ತಂದ. ಬೆಳ್ಳುಳ್ಳಿ, ಟೊಮೆಟೊ, ಎಣ್ಣೆ, ನಾಲ್ಕು ಎಲೆ. ಬೇರೆ ಏನೂ ಇಲ್ಲ. ಅತ್ತೆ ತಿಂದರು. ನಾನು ಕಾಯುತ್ತಿದ್ದೆ. ಅವರು ತಟ್ಟೆ ಖಾಲಿ ಮಾಡಿ, ಬೆರಳಿನಿಂದ ಒರೆಸಿ, ನನ್ನ ತಟ್ಟೆ ಕಡೆ ನೋಡಿದರು. ನಾನು ಸ್ವಲ್ಪ ಕೊಟ್ಟೆ.

ರವಿಯೋಲಿ ಬರುತ್ತದಾ ಎಂದು ಕೇಳಿದೆ. ಬರುತ್ತದೆ, ಆದರೆ ಗುಂಡ್ಲುಪೇಟೆಯಲ್ಲಿ ಯಾರೂ ಕೇಳಿಲ್ಲ ಎಂದ. ವಿಷಯ ಹೇಳಿದೆ. ಕೇಳುತ್ತ ಕೇಳುತ್ತ ಕೈ ಒರೆಸುವ ಬಟ್ಟೆ ಹೆಗಲ ಮೇಲೆ ಹಾಕಿಕೊಂಡು ನಿಂತುಬಿಟ್ಟ. ಅಮಾವಾಸ್ಯೆ ದಿನ ಬೆಳಿಗ್ಗೆ ಒಲೆ ತೊಳೆದು, ಮೊದಲ ಪಾತ್ರೆ ನಮ್ಮದೇ, ಯಾರಿಗೂ ಬಡಿಸುವ ಮುಂಚೆ ಮೀಸಲಾಗಿ ತೆಗೆದುಕೊಡುತ್ತೇನೆ ಎಂದ. “ನಮ್ಮವ್ವನೂ ಮೀಸಲು ಮಾಡ್ತಾಳೆ ಅಜ್ಜಿ. ನಂಗೆ ಹೇಳ್ಕೊಡ್ಬೇಕಾ?”

ಶನಿವಾರ ಬಂದರೆ ಮಾಡಿ ತೋರಿಸುತ್ತೇನೆ, ರುಚಿ ನೋಡಿಕೊಳ್ಳಿ ಎಂದ.

ಸೆಪ್ಟೆಂಬರ್ 13, ಶನಿವಾರ

ಮಹದೇವ ನನ್ನನ್ನು ಅಡುಗೆಮನೆ ಒಳಗೇ ಕರೆದ. ಹಿಟ್ಟು ನಾದುವುದು, ತೆಳ್ಳಗೆ ಲಟ್ಟಿಸುವುದು, ಪಾಲಕ್ ಬೇಯಿಸಿ ಹಿಂಡಿ ಗಿಣ್ಣಿನ ಜೊತೆ ಕಲಸುವುದು, ಅಂಚಿಗೆ ನೀರು ಸವರಿ ಒತ್ತುವುದು. ಗಾಳಿ ಉಳಿದರೆ ನೀರಿನಲ್ಲಿ ಒಡೆದುಹೋಗುತ್ತದೆ. ನಾನು ಮಾಡಿದ ಆರರಲ್ಲಿ ನಾಲ್ಕು ಒಡೆದವು. “ಅಕ್ಕ, ಇವು ರವಿಯೋಲಿ ಅಲ್ಲ, ಸಾರು” ಎಂದ.

ಅವನು ಮಾಡಿದ್ದನ್ನು ತಿಂದೆವು. ಅದನ್ನು ಬರೆಯಲು ನನಗೆ ಬರುವುದಿಲ್ಲ. ಅವರು ಮೊಬೈಲಿನಲ್ಲಿ ನೋಡಿದ್ದು ಇದನ್ನೇ ಎಂದು ಮಾತ್ರ ಗೊತ್ತಾಯಿತು.

ಬಸ್ಸಿನಲ್ಲಿ ತೆರಕಣಾಂಬಿ ದಾಟುವವರೆಗೆ ಅತ್ತೆ ಕಿಟಕಿ ಕಡೆ ಮುಖ ಮಾಡಿ ಕೂತಿದ್ದರು. ಆಮೇಲೆ ಆಚೆ ನೋಡಿಕೊಂಡೇ ಹೇಳಿದರು.

“ನಾನೇ ಎರಡ್ ಸಲ ಉಪ್ಪಿನ್ಕಾಯಿ ಕೊಟ್ಟಿದ್ದೆ ಕಣಮ್ಮಿ. ನೀ ನೀರಿಗ್ ಓಗಿದ್ದಾಗ. ಅವ್ವ ಅವ್ವ ಅಂತ ಕೇಳ್ದ. ತಡೀನಾರ್ದೆ ಕೊಟ್ಬುಟ್ಟೆ.”

ನನಗೆ ಗೊತ್ತಿತ್ತು. ಈ ಪುಸ್ತಕದಲ್ಲೇ ಇದೆ, ಮಾರ್ಚ್ ಒಂಬತ್ತು, ಮಾರ್ಚ್ ಇಪ್ಪತ್ತೆರಡು. ಎರಡು ದಿನವೂ ‘ಕಾಲು ಊತ’ ಎಂದು ಬರೆದು ಪಕ್ಕದಲ್ಲಿ ಪ್ರಶ್ನೆ ಗುರುತು ಹಾಕಿದ್ದೇನೆ. ಹಾಸಿಗೆಯ ಹತ್ತಿರ ಮಾವಿನಕಾಯಿ ಓಟೆಯೂ ಸಿಕ್ಕಿತ್ತು. ಎತ್ತಿ ಬಿಸಾಡಿದ್ದೆ.

“ಎರಡು ಸಲಕ್ಕೆ ಏನೂ ಆಗಲ್ಲ ಕಣತ್ತೆ” ಎಂದೆ. ನಿಜವೋ ಸುಳ್ಳೋ ಡಾಕ್ಟರನ್ನು ಕೇಳಿಲ್ಲ. ಕೇಳುವುದೂ ಇಲ್ಲ.

ಹರದನಹಳ್ಳಿಯಲ್ಲಿ ಇಳಿಯುವಾಗ ಅವರು ನನ್ನ ಕೈ ಹಿಡಿದುಕೊಂಡರು. ಆ ಬಸ್ಸಿನ ಮೆಟ್ಟಿಲು ಎತ್ತರ.

ಸೆಪ್ಟೆಂಬರ್ 21, ಭಾನುವಾರ, ಅಮಾವಾಸ್ಯೆ

ಬೆಳಿಗ್ಗೆ ತಲೆಗೆ ನೀರು ಹಾಕಿಕೊಂಡು, ತೊಳೆದ ಸ್ಟೀಲ್ ಡಬ್ಬಿ ತೆಗೆದುಕೊಂಡು ಮೊದಲ ಬಸ್ಸಿಗೆ ಹೋದೆವು. ಮಹದೇವ ಹೇಳಿದಂತೆಯೇ ಒಲೆ ತೊಳೆದು ವಿಭೂತಿ ಹಚ್ಚಿದ್ದ. ತಾನೂ ಹಚ್ಚಿಕೊಂಡಿದ್ದ. ಹಿಟ್ಟು ನಾದಿ ಇಟ್ಟಿದ್ದ, ಗಿಣ್ಣು ಒಡೆಸಿ ಬಟ್ಟೆಯಲ್ಲಿ ಕಟ್ಟಿದ್ದ. ಅತ್ತೆ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಕಾವಲು ಕೂತರು.

ಬೆಳ್ಳುಳ್ಳಿ ಹಾಕಿದ. ಟೊಮೆಟೊ ಹಾಕಿದ. ಮುಚ್ಚಿದ. ತೆಗೆದ. ಉಪ್ಪು ಹಾಕಿ ಕೈಯಾಡಿಸಿದ. ಚಮಚದಲ್ಲಿ ಸ್ವಲ್ಪ ತೆಗೆದು, ಊದಿ, ಬಾಯಿಗಿಟ್ಟುಕೊಂಡ.

ಮೂವರೂ ಒಟ್ಟಿಗೆ ನೋಡಿದೆವು. ಚಮಚ ಅವನ ಬಾಯಲ್ಲೇ ಇತ್ತು.

“ಅಯ್ಯೋ” ಎಂದ. “ಅಯ್ಯೋ ಅಜ್ಜಿ. ಕೈ ಅದರ ಪಾಡಿಗೆ ಅದು ಓಗ್ಬುಡ್ತು. ಹನ್ನೆರಡ್ ವರ್ಷದ ಕೈ.”

ಅತ್ತೆಗೆ ಸಿಟ್ಟು ಬರುತ್ತದೆ ಎಂದುಕೊಂಡೆ. ಅವರು ಕುರ್ಚಿಯಲ್ಲಿ ಕುಸಿದು, “ಎಂಗದ?” ಎಂದರು.

“ಏನಜ್ಜಿ?”

“ಎಂಗೂ ನೆಕ್ಬುಟ್ಟೆ. ಎಂಗದ ಏಳು.”

“ಚೆನ್ನಾಗದ” ಎಂದು ಅಳುವ ಹಾಗೆ ಹೇಳಿದ.

ಮತ್ತೆ ಮಾಡುತ್ತೇನೆ ಎಂದು ಬೇರೆ ಪಾತ್ರೆ ಇಟ್ಟ. ಅತ್ತೆ ಬೇಡ ಎಂದರು. “ನಿನ್ ಕೈ ನಂಬಕಾಗಲ್ಲ ಕಣ್ಲಾ ಮಗ. ಮೂಗುದಾರ ಆಕುದ್ರೂ ಬಾಯ್ಗ್ ಓಯ್ತದ ಅದು.” ಅವನಿಗೂ ಹಾಗೇ ಅನ್ನಿಸಿರಬೇಕು. ಎಂಜಲು ಮುಟ್ಟದ ಹಿಟ್ಟು, ಪಾಲಕ್, ಗಿಣ್ಣು, ಹಣ್ಣಾದ ಟೊಮೆಟೊ ಎಲ್ಲ ಕಟ್ಟಿಕೊಟ್ಟ. “ಅಕ್ಕ, ನೀವೇ ಮಾಡಿ. ನೋಡಿದ್ದೀರಲ್ಲ. ಗಾಳಿ ಉಳಿಸ್ಬೇಡಿ” ಎಂದ.

ನಾನು ಅತ್ತೆ ಮುಖ ನೋಡಿದೆ. ಅವರು ಡಬ್ಬಿ ಎತ್ತಿಕೊಂಡು ಬಸ್ ಸ್ಟ್ಯಾಂಡಿನ ಕಡೆ ಹೊರಟರು.

ಮನೆ ತಲುಪಿದಾಗ ಹನ್ನೊಂದೂವರೆ. ಅತ್ತೆ ನನ್ನ ಅಡುಗೆಮನೆಗೆ ಬಂದು ಮಣೆ ಹಾಕಿಕೊಂಡು ಕೂತರು. ನಾನು ಬೆರಳು ನೆಕ್ಕದ ಹಾಗೆ ನೋಡಿಕೊಳ್ಳುವುದಕ್ಕೆ ಎಂದರು. ಲಟ್ಟಿಸಿದೆ, ತುಂಬಿದೆ, ಒತ್ತಿದೆ. ಇಪ್ಪತ್ತರಲ್ಲಿ ಮೂರೇ ಒಡೆದವು. ಗೊಜ್ಜು ಕುದಿಯಲು ಶುರುವಾಯಿತು. ಉಪ್ಪಿನ ಡಬ್ಬಿ ತೆಗೆದೆ. ಕೈ ಅಲ್ಲೇ ನಿಂತಿತು. ಎಂಟು ತಿಂಗಳು ಆ ಡಬ್ಬಿಯನ್ನು ಮೇಲಿನ ಗೂಡಿನಲ್ಲಿ ಬಚ್ಚಿಟ್ಟಿದ್ದವಳು ನಾನೇ. ಅವರು ಹೋದ ಮೇಲೂ ಇಳಿಸಿರಲಿಲ್ಲ. ಎಷ್ಟು ಹಾಕಬೇಕು ಎಂಬುದೇ ಮರೆತುಹೋಗಿತ್ತು. ಬಾಯಿಗಿಟ್ಟು ನೋಡುವ ಹಾಗಿಲ್ಲ.

“ಆಕ್ದ್ಯಾ?”

“ಹಾಕ್ತಿದ್ದೀನಿ ಅತ್ತೆ.”

ಒಂದು ಚಮಚ ಹಾಕಿದೆ.

“ಇನ್ನೊಂಚೂರು ಆಕು.”

ಹಾಕಿದೆ.

“ಇನ್ನೊಂಚೂರು.”

“ಜಾಸ್ತಿ ಆಯ್ತದೆ ಕಣತ್ತೆ.”

“ಆಕು ಅಂದ್ರ ಆಕಮ್ಮಿ.”

ಹಾಕಿದೆ.

ಫೋಟೋ ಮುಂದೆ ಬಾಳೆಎಲೆ ಹಾಕಿ ಎಲ್ಲ ಬಡಿಸಿದೆವು. ಕಜ್ಜಾಯ, ಉಸಲಿ, ಶಾವಿಗೆ, ಬೀಡಿ. ಎಲೆಯ ನಡುವೆ ರವಿಯೋಲಿ, ಮೇಲೆ ಕೆಂಪು ಗೊಜ್ಜು. ಧೂಪ ಹಾಕಿ, ಬಾಗಿಲು ಎಳೆದುಕೊಂಡು ಇಬ್ಬರೂ ಹೊರಗೆ ಕೂತೆವು. ಹಿರಿಯರು ಉಣ್ಣುವಾಗ ನೋಡಬಾರದು. ಒಳಗೆ ಏನೂ ಸದ್ದಿಲ್ಲ. ಅತ್ತೆ ಬಾಗಿಲಿಗೆ ಕಿವಿ ಕೊಟ್ಟಿದ್ದರು.

“ತಿಂತಾವ್ನ ಅಂತೀಯಾ?”

“ತಿಂತಾವ್ರೆ.”

“ಇದು ಇಟಲೀನೇ ಅಲ್ಲ ಅಂದ್ಗಿಂದಾನು. ಅವ್ನ್ ಬಾಯಿ ಸರಿ ಇಲ್ಲ.”

ಅರ್ಧ ಗಂಟೆ ಬಿಟ್ಟು ಅತ್ತೆ ಮೂರು ಸಲ ಕೆಮ್ಮಿ ಬಾಗಿಲು ತೆಗೆದರು. ಎಲೆಯಲ್ಲಿ ಎಲ್ಲವೂ ಹಾಗೇ ಇತ್ತು, ಇರುವುದೇ ಹಾಗೆ. ಆ ಎಲೆಯನ್ನೇ ನಡುವೆ ಇಟ್ಟುಕೊಂಡು ಇಬ್ಬರೂ ಕೂತೆವು. ಅತ್ತೆ ಮೊದಲು ಒಂದು ರವಿಯೋಲಿ ಬಾಯಿಗಿಟ್ಟರು. ನಾನೂ ಇಟ್ಟೆ. ನಾಲಗೆ ಚುರ್ ಎಂದಿತು.

“ಉಪ್ಪು ಬಾಳ ಆಗ್ಬುಟ್ಟದೆ ಅತ್ತೆ.”

ಅತ್ತೆ ಅಗಿಯುತ್ತಿದ್ದರು. ಕಣ್ಣಿನಲ್ಲಿ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಇನ್ನೊಂದು ತೆಗೆದುಕೊಂಡರು.

“ಆಗ್ಲಿ ಬುಡು. ಎಂಟ್ ತಿಂಗ್ಳುದು ಅಲ್ವಾ” ಎಂದರು.

ಹದಿನೇಳೂ ಮುಗಿಸಿದೆವು. ಆಮೇಲೆ ಸಂಜೆವರೆಗೆ ಇಬ್ಬರೂ ನೀರು ಕುಡಿದದ್ದೇ ಕುಡಿದದ್ದು.

ಸೆಪ್ಟೆಂಬರ್ 24, ಬುಧವಾರ

ಬರೆಯಲು ಪುರುಸೊತ್ತಾಗಿಲ್ಲ. ನಿನ್ನೆ ಮಹದೇವ ಫೋನ್ ಮಾಡಿ ಎಷ್ಟು ಒಡೆದವು ಎಂದು ಕೇಳಿದ. ಹೇಳಿದೆ. ಮೂರೇನಾ ಎಂದು ನಂಬಲಿಲ್ಲ.

ಇವತ್ತು ರಮ್ಯ ಫೋನ್ ಮಾಡಿದಾಗ ಅತ್ತೆ ನನ್ನ ಕೈಯಿಂದ ಮೊಬೈಲು ಕಿತ್ತುಕೊಂಡು ಬಹಳ ಹೊತ್ತು ಮಾತಾಡಿದರು. ಮೈಸೂರಿನಲ್ಲಿ ಒಂದು ಇಟಲಿ ಹೋಟೆಲು ಇದೆಯಂತೆ, ಸೌದೆ ಒಲೆಯಲ್ಲಿ ಪಿಜ್ಜಾ ಸುಡುತ್ತಾರಂತೆ. ಶನಿವಾರ ಹೋಗನ ಎಂದರು.

“ಎಡೆ ಮುಗೀತಲ್ಲ ಅತ್ತೆ. ಇನ್ಯಾರಿಗೆ?”

“ಯಾಕ, ನಂಗ ಬಾಯಿಲ್ವಾ?”